ಡಿಗ್ರಿಯ ಕೊನೇ ವರ್ಷ: ಇಂಟರ್ನ್‌ಶಿಪ್ಪಾ, ಪ್ರಾಜೆಕ್ಟಾ, ಸರ್ಟಿಫಿಕೇಟಾ, ಎಕ್ಸಾಮಾ? ಹೇಗೆ ಆರಿಸ್ಕೊಳ್ಳೋದು

ಕೊನೇ ವರ್ಷಕ್ಕೆ ಕಾಲಿಟ್ಟ ತಕ್ಷಣ ಸುತ್ತಮುತ್ತ ಇರೋರೆಲ್ಲ ಸಲಹೆ ಕೊಡೋಕೆ ಶುರು ಮಾಡ್ತಾರೆ. ಇಂಟರ್ನ್‌ಶಿಪ್ ಇಲ್ದೇ ಇದ್ರೆ ರೆಸ್ಯೂಮೆ ಯಾರೂ ನೋಡಲ್ಲ ಅಂತ ಸೀನಿಯರ್ ಹೇಳ್ತಾನೆ, ಪ್ರಾಜೆಕ್ಟ್ ಚೆನ್ನಾಗಿ ಮಾಡು ಸಾಕು ಅಂತ ಗೈಡ್ ಹೇಳ್ತಾರೆ, ಯಾವುದಾದ್ರೂ ಎಕ್ಸಾಮ್ ಬರಿ ಅಂತ ಮನೇಲಿ ಹೇಳ್ತಾರೆ, ಫೋನ್ ತೆಗೆದ್ರೆ ಸರ್ಟಿಫಿಕೇಟ್ ಕೋರ್ಸಿನ ಜಾಹೀರಾತು. ಪ್ರತಿಯೊಂದೂ ಕೇಳೋವಾಗ ಸರಿ ಅನ್ಸುತ್ತೆ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೈ ಹಾಕಿ ಯಾವುದನ್ನೂ ಮುಗಿಸದೆ ಆ ವರ್ಷ ಕಳೆದುಕೊಳ್ಳೋರನ್ನ ತುಂಬಾ ನೋಡಿದೀನಿ, ಅದೂ ಸೋಮಾರಿಗಳಲ್ಲ, ಕಷ್ಟಪಟ್ಟು ಓದೋ ಮಕ್ಕಳೇ ಜಾಸ್ತಿ, ಅದಕ್ಕೇ ಇದನ್ನ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಆದ್ರೆ ಕೇಳ್ಕೊಳ್ಳೋ ಪ್ರಶ್ನೆಗಳು ಎಲ್ಲರಿಗೂ ಒಂದೇ, ಹಾಗಾಗಿ ಮೊದಲು ಪ್ರಶ್ನೆ, ಆಮೇಲೆ ಆಯ್ಕೆ.

ಯಾವುದರ ಮೇಲೆ ಅಳೀಬೇಕು

ಮೊದಲನೇದು, ನನ್ನ ಪ್ರಕಾರ ಬಾಕಿ ಎಲ್ಲಕ್ಕಿಂತ ದೊಡ್ಡದು: ಈ ದಾರಿ ಹಿಡಿದ್ರೆ ನಿಮ್ಮ ಕೆಲಸವನ್ನ ಹೊರಗಿನವರು ಯಾರಾದ್ರೂ ನೋಡಿ ಇಲ್ಲಿ ತಪ್ಪಿದೆ, ಇದನ್ನ ಹೀಗೆ ಮಾಡು ಅಂತ ಹೇಳ್ತಾರಾ? ಹೊರಗಿನವರು ಅಂದ್ರೆ ನಿಮ್ಮ ಫ್ರೆಂಡ್ ಅಲ್ಲ, ನಿಮಗೆ ಪಾಸ್ ಮಾರ್ಕ್ಸ್ ಕೊಡಲೇಬೇಕಾದ ಲೆಕ್ಚರರ್ ಅಲ್ಲ, ನಿಮ್ಮ ಕೆಲಸ ಕೆಟ್ಟದಾಗಿದ್ರೆ ತಮಗೇ ತೊಂದ್ರೆ ಆಗೋ ಯಾರಾದ್ರೂ. ಕಾಲೇಜಿನಲ್ಲಿ ತಪ್ಪಾದ್ರೆ ಮಾರ್ಕ್ಸ್ ಹೋಗುತ್ತೆ ಅಷ್ಟೇ, ಆ ಪೇಪರ್ ಮತ್ತೆ ಯಾರೂ ಮುಟ್ಟಲ್ಲ. ಆಫೀಸಲ್ಲಿ ಹಾಗಲ್ಲ, ನೀವು ಮಾಡಿದ್ದನ್ನ ಇನ್ನೊಬ್ಬರು ತಗೊಂಡು ಮುಂದೆ ಕೆಲಸ ಮಾಡ್ಬೇಕು, ಸರಿ ಇಲ್ಲ ಅಂದ್ರೆ ವಾಪಸ್ ಬರುತ್ತೆ, ತಿದ್ದಿ ಮತ್ತೆ ಕಳಿಸ್ಬೇಕು. ಓದೋದಕ್ಕೂ ಕೆಲಸಕ್ಕೂ ಇರೋ ದೊಡ್ಡ ವ್ಯತ್ಯಾಸ ಇದೇ, ಇದು ದಡದಲ್ಲಿ ಕೂತು ಈಜು ಕಲಿಯೋ ಹಾಗಲ್ಲ, ಒಂದ್ಸಲವಾದ್ರೂ ಇಳಿದೇ ನೋಡ್ಬೇಕು. ಡಿಗ್ರಿ ಮುಗಿಯೋದರೊಳಗೆ ಆ ಒಂದ್ಸಲ ಆಗಿದ್ರೆ ಮೊದಲ ಕೆಲಸದ ಮೊದಲ ಆರು ತಿಂಗಳು ಎಷ್ಟೋ ಹಗುರ ಆಗುತ್ತೆ.

ಎರಡನೇದು, ಮುಗಿದ ಮೇಲೆ ಕೈಯಲ್ಲಿ ಏನು ಉಳಿಯುತ್ತೆ. ಸರ್ಟಿಫಿಕೇಟ್ ಅಂತಲ್ಲ, ಇಂಟರ್ವ್ಯೂನಲ್ಲಿ ಹತ್ತು ನಿಮಿಷ ಮಾತಾಡೋಕಾಗೋ ವಿಷಯ. ಕೆಲಸಕ್ಕೆ ಆರಿಸೋ ವಿಧಾನಗಳಲ್ಲಿ ಯಾವುದು ಮುಂದಿನ ಕೆಲಸವನ್ನ ಸರಿಯಾಗಿ ಊಹಿಸುತ್ತೆ ಅಂತ ಮನಃಶಾಸ್ತ್ರದವರು ದಶಕಗಳಿಂದ ಲೆಕ್ಕ ಹಾಕ್ತಾ ಬಂದಿದಾರೆ. 2022ರಲ್ಲಿ ಹಳೇ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದಾಗ ಮೇಲೆ ಬಂದಿದ್ದು ಸ್ಟ್ರಕ್ಚರ್ಡ್ ಇಂಟರ್ವ್ಯೂ, ಅಂದ್ರೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೇಲಿ ಅಂಕ ಕೊಡೋದು. ವಿಷಯಜ್ಞಾನದ ಟೆಸ್ಟ್, ಕೆಲಸದ ಸ್ಯಾಂಪಲ್ ಮಾಡಿಸಿ ನೋಡೋದು ಇವೂ ಮೇಲಿನ ಸಾಲಲ್ಲೇ ಇದ್ವು. ಎಷ್ಟು ವರ್ಷದ ಅನುಭವ ಅನ್ನೋ ಬರೀ ಅಂಕಿ ಮಾತ್ರ ತುಂಬಾ ಕೆಳಗಿತ್ತು. ಎಲ್ಲಾ ಕಂಪನಿಗಳೂ ಹೀಗೇ ಆರಿಸ್ತಾರೆ ಅಂತ ಅಲ್ಲ, ಆದ್ರೆ ಚೆನ್ನಾಗಿ ಆರಿಸೋ ಕಡೆ ಕೇಳೋದು “ಕೆಲಸ ಅರ್ಧದಲ್ಲಿ ನಿಂತಾಗ ಏನ್ ಮಾಡಿದ್ರಿ, ಟೀಮಲ್ಲಿ ಒಪ್ಪಿಗೆ ಆಗದೇ ಇದ್ದಾಗ ಹೇಗೆ ತೀರ್ಮಾನ ಮಾಡಿದ್ರಿ” ಅನ್ನೋ ಥರದ್ದು, ಅದಕ್ಕೆ ಉತ್ತರ ನಿಮ್ಮ ಜೀವನದಲ್ಲಿ ನಡೆದಿರಬೇಕು.

ಮೂರನೇದು ಟೈಮ್, ನಾಲ್ಕನೇದು ದುಡ್ಡು. ಇವೆರಡನ್ನ ನಾಚಿಕೆ ಇಲ್ದೆ ಬರೆದಿಟ್ಕೊಳ್ಳಿ: ವಾರಕ್ಕೆ ನಿಜವಾಗ್ಲೂ ಎಷ್ಟು ಗಂಟೆ ಸಿಗುತ್ತೆ, ಎಷ್ಟು ತಿಂಗಳು ಸಂಬಳ ಇಲ್ದೆ ಇರಬಹುದು, ಮನೆಗೆ ನೀವೇ ಕೊಡಬೇಕಾ. ಐದನೇದು, ಮಧ್ಯದಲ್ಲಿ ಮನಸ್ಸು ಬದಲಾದ್ರೆ ಏನು ಉಳಿಯುತ್ತೆ. ಕೆಲವು ದಾರಿ ಅರ್ಧಕ್ಕೆ ಬಿಟ್ರೂ ಕಲಿತದ್ದು ಬೇರೆ ಕಡೆ ಕೆಲಸಕ್ಕೆ ಬರುತ್ತೆ, ಕೆಲವು ಪೂರ್ತಿ ಆದ್ರೆ ಮಾತ್ರ ಬೆಲೆ.

ಇಂಟರ್ನ್‌ಶಿಪ್

ಮೊದಲ ಪ್ರಶ್ನೆಗೆ ನೇರವಾಗಿ ಹೌದು ಅನ್ನೋ ದಾರಿ ಇದೇ, ಸರಿಯಾದ ಕಡೆ ಸಿಕ್ಕಿದ್ರೆ. ಬೇಡಿಕೇನೂ ಇದೆ. 2016ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಸಂಶೋಧಕರು 9 ಸಾವಿರಕ್ಕೂ ಹೆಚ್ಚು ಕಾಲ್ಪನಿಕ ರೆಸ್ಯೂಮೆಗಳನ್ನ ನಿಜವಾದ ಜಾಬ್ ಪೋಸ್ಟಿಂಗ್‌ಗಳಿಗೆ ಕಳಿಸಿದ್ರು. ಓದೋವಾಗ ಇಂಟರ್ನ್‌ಶಿಪ್ ಮಾಡಿದೀನಿ ಅಂತ ಇದ್ದ ರೆಸ್ಯೂಮೆಗಳಿಗೆ ಇಂಟರ್ವ್ಯೂ ಕರೆ ಸುಮಾರು ಶೇ. 14ರಷ್ಟು ಜಾಸ್ತಿ ಬಂತು, ಡಿಗ್ರಿಯ ವಿಷಯ ಬಿಸಿನೆಸ್ಸಾ ಅಲ್ವಾ ಅನ್ನೋದ್ರಿಂದ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ. ಗಮನಿಸಿ, ಶೇ. 14 ಅಂದ್ರೆ ಒಳ್ಳೇ ಲಾಭ, ಆದ್ರೆ ಇಂಟರ್ನ್‌ಶಿಪ್ ಇಲ್ದೆ ಇದ್ರೆ ಬಾಗಿಲೇ ಮುಚ್ಚಿಹೋಗುತ್ತೆ ಅಂತ ಅಲ್ಲ. ಸಿಗಲಿಲ್ಲ ಅಂತ ಕುಗ್ಗಿಹೋಗೋರು ಈ ಅಂಕಿಯನ್ನ ಎರಡೂ ಕಡೆಯಿಂದ ಓದ್ಬೇಕು.

ತೊಂದ್ರೆ ಏನಂದ್ರೆ ಇಂಟರ್ನ್‌ಶಿಪ್ ಅನ್ನೋ ಒಂದೇ ಹೆಸರಿನಡಿ ಹತ್ತು ಥರದ ಸರಕು ಇದೆ. ಒಂದು ಕಡೆ ನಿಮಗೊಬ್ಬ ಮೆಂಟರ್ ಇರ್ತಾರೆ, ಸಣ್ಣದಾದ್ರೂ ನಿಜವಾದ ಕೆಲಸ ಕೊಡ್ತಾರೆ, ಪ್ರತಿ ವಾರ ಕೂತು ನೋಡ್ತಾರೆ. ಇನ್ನೊಂದು ಕಡೆ ಒಂದು ಪಿಡಿಎಫ್ ಕಳಿಸಿ ಓದ್ಕೋ ಅಂತಾರೆ, ತಿಂಗಳಾದ ಮೇಲೆ ಲೆಟರ್ ಕೊಡ್ತಾರೆ. ರೆಸ್ಯೂಮೆಯಲ್ಲಿ ಎರಡೂ ಒಂದೇ ಸಾಲು, ಇಂಟರ್ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಯಾವುದು ಅಂತ ಗೊತ್ತಾಗಿಬಿಡುತ್ತೆ. ಹಾಗಾಗಿ ಒಪ್ಕೊಳ್ಳೋ ಮುಂಚೆ ಮೂರು ಮಾತು ಕೇಳಿಬಿಡಿ, ಕೇಳಿದ್ರೆ ಯಾರೂ ತಪ್ಪು ತಿಳ್ಕೊಳಲ್ಲ: ನನ್ನ ಕೆಲಸವನ್ನ ಯಾರು ನೋಡ್ತಾರೆ, ಹಿಂದೆ ಬಂದಿದ್ದ ಇಂಟರ್ನ್ ಏನನ್ನ ಮುಗಿಸಿ ಹೋದ್ರು, ಆಮೇಲೆ ನಾನು ಇದರ ಬಗ್ಗೆ ಹೊರಗೆ ಎಷ್ಟು ಹೇಳಬಹುದು. ಮೂರನೇದು ಯಾಕೆ ಅಂದ್ರೆ ಕೆಲವು ಕಡೆ ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕಿಸ್ಕೊಳ್ತಾರೆ, ಆಗ ಕೋಡನ್ನೋ ರಿಪೋರ್ಟನ್ನೋ ತೋರಿಸೋ ಹಾಗಿಲ್ಲ, ಮಾಡಿದ ರೀತಿ ಮಾತ್ರ ಹೇಳಬಹುದು. ಮೊದಲೆರಡಕ್ಕೆ ಉತ್ತರ ಮಸುಕಾಗಿದ್ರೆ ಕೆಲಸಾನೂ ಮಸುಕಾಗೇ ಇರುತ್ತೆ.

ಸಂಬಳ ಇಲ್ಲದ ಇಂಟರ್ನ್‌ಶಿಪ್ ಬಗ್ಗೆ ತುಂಬಾ ಜನ ಕೇಳ್ತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಮೆಂಟರ್ ಖಂಡಿತ ಇದ್ದು, ಅವಧಿ ಚಿಕ್ಕದಾಗಿದ್ದು, ಮನೆ ಖರ್ಚಿಗೆ ತೊಂದ್ರೆ ಇಲ್ಲ ಅಂದ್ರೆ ಪರವಾಗಿಲ್ಲ. ಸಾಲ ಮಾಡಿ ಬೇರೆ ಊರಲ್ಲಿ ರೂಮ್ ಹಿಡಿದು ಪುಕ್ಕಟೆ ದುಡಿಯೋದು ಬೇಡ, ಆ ಸಾಲ ಮೊದಲ ಕೆಲಸ ಆರಿಸೋವಾಗ ನಿಮ್ಮ ಕೈ ಕಟ್ಟಿಹಾಕುತ್ತೆ. ಇನ್ನು ಇಂಟರ್ನ್‌ಶಿಪ್ ಕೊಡ್ತೀವಿ ನೀವೇ ಫೀಸ್ ಕಟ್ಟಿ ಅನ್ನೋರು ಸಿಕ್ಕಿದ್ರೆ ಅದು ಕೆಲಸ ಅಲ್ಲ, ಕೋರ್ಸ್, ಅದನ್ನ ಕೋರ್ಸ್ ಥರಾನೇ ಅಳೆದು ನೋಡಿ, ಹೆಚ್ಚಿನ ಸಲ ಅಷ್ಟು ಬೆಲೆ ಬಾಳಲ್ಲ.

ಮನೇಲೇ ಕೂತು ಮಾಡೋ ರಿಮೋಟ್ ಇಂಟರ್ನ್‌ಶಿಪ್ ಖರ್ಚು ಉಳಿಸುತ್ತೆ, ದೂರದ ಕಂಪನೀಲೂ ಅವಕಾಶ ಸಿಗುತ್ತೆ. ಆದ್ರೆ ಪಕ್ಕದ ಟೇಬಲ್‌ನವರು ಕಷ್ಟದ ಕಾಲ್ ಹೇಗೆ ಮಾತಾಡ್ತಾರೆ, ಮೀಟಿಂಗ್ ಮುಗಿದ ಮೇಲೆ ನಿಜವಾದ ತೀರ್ಮಾನ ಎಲ್ಲಿ ಆಗುತ್ತೆ ಅನ್ನೋದು ಕಾಣಲ್ಲ. ಎರಡೂ ಸಿಕ್ಕಿ, ಖರ್ಚೂ ಹೊಂದುತ್ತೆ ಅಂದ್ರೆ ಹೋಗಿ ಮಾಡೋದನ್ನೇ ಆರಿಸಿ.

ಪ್ರಾಜೆಕ್ಟ್, ಥೀಸಿಸ್, ಸ್ವಂತ ಕೆಲಸದ ಪೋರ್ಟ್‌ಫೋಲಿಯೊ

ಇದನ್ನ ತುಂಬಾ ಜನ ಕಡೆಗಣಿಸ್ತಾರೆ, ಹೇಗೂ ಮಾಡಲೇಬೇಕಾದ ಸಿಲಬಸ್ಸಿನ ಕೆಲಸ ತಾನೇ ಅಂತ. ನನಗೆ ಅನ್ಸೋದು ಇಂಟರ್ನ್‌ಶಿಪ್ ಸಿಗದೇ ಇರೋರಿಗೆ, ದುಡ್ಡಿನ ಇಕ್ಕಟ್ಟು ಇರೋರಿಗೆ ಇದಕ್ಕಿಂತ ಒಳ್ಳೇದಿಲ್ಲ, ಯಾಕಂದ್ರೆ ಇದಕ್ಕೆ ಬೇರೆ ಟೈಮ್ ಬೇಕಾಗಿಲ್ಲ, ಇರೋ ಟೈಮನ್ನೇ ಬೇರೆ ಥರ ಬಳಸಿದ್ರೆ ಆಯ್ತು. ಆದ್ರೆ ಮೊದಲ ಪ್ರಶ್ನೆಗೆ ಇದು ತಾನಾಗೇ ಹೌದು ಅನ್ನಲ್ಲ. ಗೈಡ್ ನೋಡಿ ಸಹಿ ಹಾಕಿದ ಪ್ರಾಜೆಕ್ಟ್ ಬೈಂಡ್ ಆಗಿ ಬೀರು ಸೇರುತ್ತೆ. ಅದನ್ನ ಹೊರಗೆ ತರಬೇಕು, ಅದಕ್ಕೆ ನೀವೇ ದಾರಿ ಮಾಡ್ಬೇಕು.

ಹೇಗೆ ಅಂದ್ರೆ, ಮೊದಲು ಬಳಸೋರು ಯಾರು ಅಂತ ಹುಡುಕಿ. ಸಾಫ್ಟ್‌ವೇರ್ ಆಗಿದ್ರೆ ಅದನ್ನ ಬಳಸೋ ಮೂರು ಜನ, ಸರ್ವೆ ಆಗಿದ್ರೆ ಆ ಫಲಿತಾಂಶ ಬೇಕಾಗಿರೋ ಒಂದು ಸಂಸ್ಥೆ, ಲ್ಯಾಬ್ ಕೆಲಸ ಆಗಿದ್ರೆ ಅದೇ ವಿಧಾನ ಬಳಸೋ ಇನ್ನೊಂದು ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿ. ಅವರಿಗೆ ಕೊಟ್ಟು, ಅವರು ಬೈದದ್ದನ್ನ ಬರೆದಿಟ್ಕೊಂಡು, ತಿದ್ದಿ, ತಿದ್ದಿದ್ದನ್ನೂ ಬರೆದಿಡಿ. ಇಂಟರ್ವ್ಯೂನಲ್ಲಿ ಪ್ರಾಜೆಕ್ಟ್ ಬಗ್ಗೆ ಹೇಳು ಅಂದಾಗ ಎಲ್ಲರೂ ಸಿನಾಪ್ಸಿಸ್ ಒಪ್ಪಿಸ್ತಾರೆ, ನೀವು “ಮೊದಲು ಹೀಗೆ ಮಾಡಿದ್ದೆ, ಬಳಸಿದವರಿಗೆ ಅರ್ಥ ಆಗ್ಲಿಲ್ಲ, ಹಾಗಾಗಿ ಹೀಗೆ ಬದಲಾಯಿಸ್ದೆ” ಅಂದ್ರೆ ಎದುರಿಗಿರೋರು ತಲೆ ಎತ್ತಿ ನೋಡ್ತಾರೆ.

ಕಂಪ್ಯೂಟರ್ ಕಡೆಯವರಿಗೆ ಇದು ಸುಲಭ, ಓಪನ್ ಸೋರ್ಸ್ ಇದೆ, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿಟ್ಟಿರೋ ಸಾಫ್ಟ್‌ವೇರ್. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಮಾಡಿದ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡೋ ಸಾಧನ), 2008ರಲ್ಲಿ ಬಂದ ಗಿಟ್‌ಹಬ್ (ಅಂಥ ಕೋಡನ್ನ ಇಟ್ಟು ಹಂಚ್ಕೊಳ್ಳೋ ವೆಬ್‌ಸೈಟ್), ಇವುಗಳಿಂದ ಯಾರು ಬೇಕಾದ್ರೂ ದೊಡ್ಡ ಪ್ರಾಜೆಕ್ಟಿಗೆ ತಿದ್ದುಪಡಿ ಕಳಿಸಬಹುದು, ಗೊತ್ತಿಲ್ಲದವರು ಸಾಲು ಸಾಲಾಗಿ ನೋಡಿ ಕಾಮೆಂಟ್ ಹಾಕ್ತಾರೆ. ಹೊಸಬರಿಗೆ ಅಂತಾನೇ ಗುಡ್ ಫಸ್ಟ್ ಇಶ್ಯೂ ಅನ್ನೋ ಲೇಬಲ್ ಇರುತ್ತೆ. ಡಾಕ್ಯುಮೆಂಟೇಶನ್ ತಿದ್ದೋದ್ರಿಂದ, ಬಗ್ ಯಾವಾಗ ಬರುತ್ತೆ ಅಂತ ಪತ್ತೆ ಹಚ್ಚಿ ವಿವರವಾಗಿ ಬರೆಯೋದ್ರಿಂದ ಶುರು ಮಾಡಿ, ಅದೇನೂ ಕೀಳು ಕೆಲಸ ಅಲ್ಲ. ಇನ್ನೂ ಗಟ್ಟಿಯಾಗಿ ಬೇಕು ಅಂದ್ರೆ 2005ರಿಂದ ನಡೀತಿರೋ ಗೂಗಲ್ ಸಮ್ಮರ್ ಆಫ್ ಕೋಡ್ ಇದೆ, ಮೆಂಟರ್ ಕೊಡ್ತಾರೆ, ಸ್ಟೈಪೆಂಡೂ ಇರುತ್ತೆ, 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ಅದರ ಬಾಗಿಲು ತೆರೆದಿದೆ, ಅಂದ್ರೆ ಡಿಗ್ರಿ ಮುಗಿದ ವರ್ಷಾನೂ ಅರ್ಜಿ ಹಾಕಬಹುದು.

ಕೋಡ್ ಬರೆಯದವರಿಗೆ ಏನೂ ಇಲ್ಲ ಅನ್ಕೋಬೇಡಿ. ಇತಿಹಾಸ, ಭಾಷೆ, ಸಮಾಜಶಾಸ್ತ್ರ ಓದೋರು ವಿಕಿಪೀಡಿಯದಲ್ಲಿ ಒಂದು ಲೇಖನವನ್ನ ಆಧಾರ ಸಮೇತ ಬೆಳೆಸಬಹುದು, ಬೇರೆ ಸಂಪಾದಕರು ಬಂದು ಪ್ರಶ್ನೆ ಮಾಡ್ತಾರೆ, ಯಾರು ಯಾವಾಗ ಏನು ಬದಲಾಯಿಸಿದ್ರು ಅನ್ನೋ ಇತಿಹಾಸ ಪೂರ್ತಿ ಕಾಣುತ್ತೆ. ಭೂಗೋಳದವರಿಗೆ ಜನರೇ ಸೇರಿ ತಯಾರಿಸೋ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್, ಅಂಕಿಅಂಶದವರಿಗೆ ಡೇಟಾ ಸ್ಪರ್ಧೆಗಳ ವೆಬ್‌ಸೈಟ್ ಕ್ಯಾಗಲ್. ಡಿಸೈನ್, ಪತ್ರಿಕೋದ್ಯಮ, ಕಾಮರ್ಸ್‌ನವರು ಒಂದು ಸಣ್ಣ ಸಂಘಕ್ಕೆ ಪೋಸ್ಟರ್ ಸರಣಿ, ನ್ಯೂಸ್‌ಲೆಟರ್, ಒಂದು ವರ್ಷದ ಲೆಕ್ಕಪತ್ರ ಸರಿ ಮಾಡಿಕೊಡೋದು, ಇದೆಲ್ಲ ಪೋರ್ಟ್‌ಫೋಲಿಯೊನೇ.

ಇದರ ದೊಡ್ಡ ಅಪಾಯ ಒಂದೇ, ಮುಗಿಯಲ್ಲ. 1994ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಥೀಸಿಸ್ ಬರೀತಿದ್ದ ಕೊನೇ ವರ್ಷದ ವಿದ್ಯಾರ್ಥಿಗಳನ್ನೇ ಯಾವಾಗ ಮುಗಿಸ್ತೀರಿ ಅಂತ ಕೇಳಿದ್ರು. ಸರಾಸರಿ ಊಹೆ 34 ದಿನ, ನಿಜವಾಗಿ ಆಗಿದ್ದು ಸುಮಾರು 55 ದಿನ, ಎಲ್ಲಾ ಕೆಟ್ಟದಾಗಿ ಹೋದ್ರೆ ಎಷ್ಟು ಅಂತ ಕೇಳಿದಾಗ ಹೇಳಿದ್ದ ಅಂಕಿಯನ್ನೂ ಮೀರಿತ್ತು. ಹಾಗಾಗಿ ನಿಮ್ಮ ಅಂದಾಜಿಗೆ ಇನ್ನೂ ಅರ್ಧ ಸೇರಿಸಿ, ಅದು ಕ್ಯಾಲೆಂಡರಿನಲ್ಲಿ ಹಿಡಿಯಲ್ಲ ಅಂದ್ರೆ ಪ್ರಾಜೆಕ್ಟ್ ಚಿಕ್ಕದು ಮಾಡಿ. ಮುಗಿದಿರೋ ಚಿಕ್ಕದು, ಮುಗಿಯದ ದೊಡ್ಡದಕ್ಕಿಂತ ಎಷ್ಟೋ ವಾಸಿ, ಯಾಕಂದ್ರೆ ಮುಗಿದದ್ದನ್ನ ಮಾತ್ರ ಬೇರೆಯವರ ಕೈಗೆ ಕೊಡೋಕಾಗೋದು.

ಸರ್ಟಿಫಿಕೇಟ್

ಇಲ್ಲಿ ಎರಡು ಜಾತಿ ಇದೆ, ಬೆರೆಸಬೇಡಿ. ವಿಡಿಯೋ ನೋಡಿ ಕ್ವಿಜ್ ಬರೆದ್ರೆ ಸಿಗೋದು ಒಂದು, ಕಾವಲು ಹಾಕಿ ಪರೀಕ್ಷೆ ಮಾಡಿ ಕೊಡೋ ವೃತ್ತಿಪರ ಪ್ರಮಾಣಪತ್ರ ಇನ್ನೊಂದು. ಮೊದಲನೇದು ಕಲಿಯೋಕೆ ಚೆನ್ನಾಗಿದೆ, ಕೋರ್ಸೆರಾ, ಎಡ್‌ಎಕ್ಸ್ 2012ರಲ್ಲಿ ಬಂದ ಮೇಲೆ ಒಳ್ಳೊಳ್ಳೆ ಪಾಠ ಮನೇಲೇ ಸಿಗುತ್ತೆ, ಆದ್ರೆ ಆ ಕಾಗದಕ್ಕೆ ಇಂಟರ್ವ್ಯೂನಲ್ಲಿ ತೂಕ ಕಮ್ಮಿ, ಕಲಿತದ್ದನ್ನ ಬಳಸಿ ಏನಾದ್ರೂ ಮಾಡಿದ್ರೆ ಮಾತ್ರ ಬೆಲೆ. ಐದಾರು ಅಂಥವನ್ನ ರೆಸ್ಯೂಮೆಯಲ್ಲಿ ಪೇರಿಸೋ ಬದಲು ಒಂದನ್ನ ಕಲಿತು ಪ್ರಾಜೆಕ್ಟಿಗೆ ಹಾಕಿ.

ಎರಡನೇದು ಕ್ಷೇತ್ರದ ಮೇಲೆ ನಿಂತಿರುತ್ತೆ. ನೆಟ್‌ವರ್ಕಿಂಗ್‌ನಲ್ಲಿ ಸಿಸ್ಕೊ ಸಿಸಿಎನ್ಎ, ಕ್ಲೌಡ್‌ನಲ್ಲಿ ಅಮೆಜಾನ್‌ನ ಎಡಬ್ಲ್ಯೂಎಸ್, ಇವನ್ನ ಹೆಸರು ಹಿಡಿದು ಕೇಳೋ ಹುದ್ದೆಗಳು ಇವೆ. ಆದ್ರೆ ಇವೆರಡೂ ಮೂರು ವರ್ಷಕ್ಕೆ ಅವಧಿ ಮುಗಿಯೋವು, ಹಾಗಾಗಿ ಕೆಲಸಕ್ಕೆ ಅರ್ಜಿ ಹಾಕೋದಕ್ಕೆ ತುಂಬಾ ಮುಂಚೆ ಮಾಡಿಟ್ರೆ ಲಾಭ ಇಲ್ಲ. ಫೈನಾನ್ಸ್ ಕಡೆ ಹೋಗೋರು ಸಿಎಫ್ಎ (ಹೂಡಿಕೆ ವಿಶ್ಲೇಷಣೆಯ ಪ್ರಮಾಣಪತ್ರ) ಲೆವೆಲ್ 1 ಪರೀಕ್ಷೆಯನ್ನ ಡಿಗ್ರಿ ಮುಗಿಯೋಕೆ 23 ತಿಂಗಳು ಇರೋವಾಗಿಂದಾನೇ ಬರೀಬಹುದು, ಸುಲಭ ಅಲ್ಲ, ತಿಂಗಳುಗಟ್ಟಲೆ ಓದ್ಬೇಕು. ಅಕೌಂಟಿಂಗ್‌ನ ಎಸಿಸಿಎ ಆದ್ರೆ 13 ಪೇಪರ್ ಜೊತೆಗೆ 36 ತಿಂಗಳ ಕೆಲಸದ ಅನುಭವಾನೂ ಬೇಕು, ಅಂದ್ರೆ ಅದು ಕೊನೇ ವರ್ಷದಲ್ಲಿ ಮುಗಿಸೋದಲ್ಲ, ಶುರು ಮಾಡೋದು. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟಿನ ಪಿಎಂಪಿ ಅಂತೂ ಪ್ರಾಜೆಕ್ಟ್ ನಡೆಸಿದ ವರ್ಷಗಳ ಅನುಭವ ಇದ್ದೋರಿಗೆ, ಈಗಲೇ ಅದರ ಕೋಚಿಂಗ್ ಮಾರೋಕೆ ಬರೋರ ಮಾತು ಕೇಳಬೇಡಿ.

ನಿರ್ಧಾರ ಮಾಡೋಕೆ ಒಂದೇ ಕೆಲಸ ಮಾಡಿ: ನೀವು ಸೇರಬೇಕು ಅಂತಿರೋ ಹುದ್ದೆಯ ಇಪ್ಪತ್ತು ಜಾಹೀರಾತು ತೆಗೆದು ಓದಿ, ಆ ಸರ್ಟಿಫಿಕೇಟಿನ ಹೆಸರು ಎಷ್ಟರಲ್ಲಿ ಇದೆ ನೋಡಿ. ಅರ್ಧಕ್ಕಿಂತ ಹೆಚ್ಚು ಕಡೆ ಇದ್ರೆ ದುಡ್ಡು ಹಾಕಿ. ಒಂದೆರಡು ಕಡೆ ಇದ್ರೆ ಬೇಡ. ನರ್ಸಿಂಗ್, ಕಾನೂನು, ಟೀಚಿಂಗ್ ಥರ ಲೈಸೆನ್ಸ್ ಇಲ್ದೆ ಕೆಲಸಾನೇ ಮಾಡೋ ಹಾಗಿಲ್ಲದ ಕಡೆ ಈ ಚರ್ಚೆಯೇ ಇಲ್ಲ, ಅದು ಮೊದಲು.

ಪಾರ್ಟ್‌ಟೈಮ್ ಕೆಲಸ

ಓದಿಗೆ ಸಂಬಂಧ ಇಲ್ಲದ ಕೆಲಸ ಮಾಡ್ಕೊಂಡು ಓದೋರು, ಅಂಗಡೀಲೋ ಕಾಲ್ ಸೆಂಟರಲ್ಲೋ ಟ್ಯೂಷನ್ನಲ್ಲೋ, ಅದನ್ನ ರೆಸ್ಯೂಮೆಯಿಂದ ಮುಚ್ಚಿಡ್ತಾರೆ. ದಯವಿಟ್ಟು ಮುಚ್ಚಿಡಬೇಡಿ. ಸಿಟ್ಟಾಗಿರೋ ಗಿರಾಕಿಯನ್ನ ಸಮಾಧಾನ ಮಾಡಿದ್ದು, ಕ್ಯಾಶ್ ಲೆಕ್ಕ ತಾಳೆ ಆಗದೇ ಇದ್ದಾಗ ಹುಡುಕಿದ್ದು, ಬೆಳಗ್ಗೆ ಶಿಫ್ಟಿಗೆ ಒಂದು ವರ್ಷ ತಪ್ಪದೆ ಹೋಗಿದ್ದು, ಮೇಲೆ ಹೇಳಿದ ಇಂಟರ್ವ್ಯೂ ಪ್ರಶ್ನೆಗಳಿಗೆ ಇವೇ ಒಳ್ಳೇ ಉತ್ತರ. ಹೊರಗಿನವರು ನೋಡಿ ತಿದ್ದೋದು ಇಲ್ಲಿ ದಿನಾ ನಡೆಯುತ್ತೆ, ದುಡ್ಡೂ ಬರುತ್ತೆ. ಕೊರತೆ ಏನಂದ್ರೆ ನಿಮ್ಮ ವಿಷಯದ ಕೆಲಸ ತೋರಿಸೋಕೆ ಏನೂ ಉಳಿಯಲ್ಲ, ಜೊತೆಗೆ ಗಂಟೆಗಳು ತಿನ್ನುತ್ತೆ. ದುಡಿಮೆ ಅನಿವಾರ್ಯ ಆಗಿರೋರು ಇದರ ಜೊತೆ ಚಿಕ್ಕ ಪ್ರಾಜೆಕ್ಟ್ ಒಂದನ್ನ ಜೋಡಿಸ್ಕೊಂಡ್ರೆ ಸಾಕು, ಮೂರನೇದಕ್ಕೆ ಕೈ ಹಾಕಬೇಡಿ. ಆಗೋದಾದ್ರೆ ಕೊನೇ ಸೆಮಿಸ್ಟರಿನಲ್ಲಿ ಶಿಫ್ಟ್ ಕಮ್ಮಿ ಮಾಡ್ಕೊಳ್ಳಿ, ಅರ್ಜಿ ಹಾಕೋದು, ಇಂಟರ್ವ್ಯೂಗೆ ಹೋಗೋದೇ ಒಂದು ಅರ್ಧ ಕೆಲಸ.

ಪರೀಕ್ಷೆ ತಯಾರಿ

ಸರ್ಕಾರಿ ಕೆಲಸದ ಪರೀಕ್ಷೆ ಆಗ್ಲಿ, ಮುಂದಿನ ಓದಿನ ಎಂಟ್ರೆನ್ಸ್ ಆಗ್ಲಿ, ಇದು ಬೇರೆಲ್ಲಾ ದಾರಿಗಿಂತ ಭಿನ್ನ. ಪಾಸಾದ್ರೆ ಬಾಗಿಲು ದೊಡ್ಡದಾಗಿ ತೆಗೆಯುತ್ತೆ, ಆಗದೇ ಇದ್ರೆ ಇಂಟರ್ವ್ಯೂನಲ್ಲಿ ತೋರಿಸೋಕೆ ಕೈಯಲ್ಲಿ ಹೆಚ್ಚೇನೂ ಇರಲ್ಲ. ಹೊರಗಿನವರ ತಿದ್ದುವಿಕೆಯೂ ಇಲ್ಲ, ಫಲಿತಾಂಶ ಬರೋವರೆಗೂ ಎಲ್ಲಿದೀವಿ ಅಂತ ಗೊತ್ತಾಗಲ್ಲ. ಹಾಗಂತ ಬೇಡ ಅನ್ನಲ್ಲ, ಆ ಕೆಲಸಾನೇ ಬೇಕು ಅನ್ನೋರಿಗೆ ಬೇರೆ ದಾರಿ ಇಲ್ಲ. ಆದ್ರೆ “ಏನ್ ಮಾಡೋದು ಗೊತ್ತಾಗ್ತಿಲ್ಲ, ಸದ್ಯಕ್ಕೆ ಎಕ್ಸಾಮಿಗೆ ಓದ್ತೀನಿ” ಅನ್ನೋದು ನನಗೆ ಭಯ ಹುಟ್ಟಿಸೋ ಮಾತು, ಆ ಸದ್ಯಕ್ಕೆ ಅನ್ನೋದು ವರ್ಷಗಟ್ಟಲೆ ಎಳೆಯುತ್ತೆ. ಶುರು ಮಾಡೋ ದಿನಾನೇ ಎಷ್ಟು ಪ್ರಯತ್ನ, ಯಾವ ತಿಂಗಳವರೆಗೆ ಅಂತ ಬರೆದು ಮನೆಯವರಿಗೂ ತೋರಿಸಿ ಇಟ್ಕೊಳ್ಳಿ.

ಮಾಡೋದಾದ್ರೆ ಸರಿಯಾದ ರೀತೀಲಿ ಮಾಡಿ. 2006ರ ಒಂದು ಪ್ರಯೋಗದಲ್ಲಿ ಪಾಠವನ್ನ ಮತ್ತೆ ಓದಿದವರಿಗೂ, ಓದಿ ಆಮೇಲೆ ನೋಡದೆ ನೆನಪಿಂದ ಬರೆದವರಿಗೂ ಹೋಲಿಸಿದ್ರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ರು, ಒಂದು ವಾರ ಆದ ಮೇಲೆ ಓದಿದವರಿಗೆ ನೆನಪಿದ್ದಿದ್ದು ಶೇ. 42, ಬರೆದವರಿಗೆ ಶೇ. 56. ಬಣ್ಣದ ಪೆನ್ನಲ್ಲಿ ಗೆರೆ ಹಾಕ್ತಾ ಓದೋ ಗಂಟೆಗಳನ್ನ ಹಳೇ ಪ್ರಶ್ನೆಪತ್ರಿಕೆ ಬರೆಯೋಕೆ ಕೊಡಿ, ಆಗ ನೀವು ನಿಜವಾಗ್ಲೂ ಎಲ್ಲಿದೀರಿ ಅನ್ನೋದೂ ಬೇಗ ಗೊತ್ತಾಗುತ್ತೆ, ಮುಂದುವರೀಬೇಕಾ ಬಿಡಬೇಕಾ ಅನ್ನೋ ತೀರ್ಮಾನಕ್ಕೂ ಅದು ಬೇಕು.

ಯಾವ ದಾರಿ ಹಿಡಿದ್ರೂ ಜೊತೆಗಿರಬೇಕಾದ್ದು: ಜನ

ಇದನ್ನ ಆಯ್ಕೆ ಅಂತ ಲೆಕ್ಕಕ್ಕೆ ತಗೊಂಡಿಲ್ಲ, ಯಾಕಂದ್ರೆ ಇದು ಎಲ್ಲರಿಗೂ ಬೇಕು, ವಾರಕ್ಕೆ ಒಂದು ಗಂಟೆ ಸಾಕು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದ್ದು, ಪರಿಚಯದವರಿಂದ ಕೆಲಸ ಸಿಕ್ಕಿದವರಲ್ಲಿ ಆ ಪರಿಚಯದವರನ್ನ ಆಗಾಗ ಭೇಟಿ ಆಗ್ತಿದ್ದೋರು ಆರರಲ್ಲಿ ಒಬ್ಬರಷ್ಟೇ, ಉಳಿದವರೆಲ್ಲ ಆಗೊಮ್ಮೆ ಈಗೊಮ್ಮೆ ಇಲ್ಲಾ ಅಪರೂಪಕ್ಕೆ ನೋಡೋರಿಂದ ಸುದ್ದಿ ತಿಳಿದಿದ್ರು. ಆಪ್ತ ಸ್ನೇಹಿತರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ, ಹೊಸ ಸುದ್ದಿ ಇರೋದು ಸ್ವಲ್ಪ ದೂರದವರ ಹತ್ರ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ ಐದು ವರ್ಷ ನಡೆದ ಪ್ರಯೋಗಗಳ ಫಲಿತಾಂಶ ಬಂದಾಗ ಆ ಮಾತು ಬಹುಪಾಲು ಸರಿ ಅಂತ ಗೊತ್ತಾಯ್ತು, ಒಂದು ತಿದ್ದುಪಡಿ ಜೊತೆ: ಪೂರ್ತಿ ಅಪರಿಚಿತರೂ ಅಲ್ಲ, ಆಪ್ತರೂ ಅಲ್ಲ, ಮಧ್ಯದವರಿಂದ ಹೆಚ್ಚು ಉಪಯೋಗ. ಅಂದ್ರೆ ನಿಮ್ಮ ಎರಡು ವರ್ಷ ಸೀನಿಯರ್, ಅಣ್ಣನ ಕ್ಲಾಸ್‌ಮೇಟ್, ಗೆಸ್ಟ್ ಲೆಕ್ಚರ್ ಕೊಟ್ಟು ಹೋದವರು. ಅವರಿಗೆ ಕೆಲಸ ಕೊಡ್ಸಿ ಅಂತ ಬರೀಬೇಡಿ, ನಿಮ್ಮ ಕೆಲಸದಲ್ಲಿ ಒಂದು ದಿನ ಹೇಗಿರುತ್ತೆ, ಹೊಸಬರು ಎಲ್ಲಿ ಎಡವ್ತಾರೆ ಅಂತ ಕೇಳಿ. ಇಂಥ ಪ್ರಶ್ನೆಗೆ ಜನ ಖುಷಿಯಾಗಿ ಉತ್ತರ ಕೊಡ್ತಾರೆ. ಪ್ರಾಜೆಕ್ಟನ್ನ ನೋಡಿ ತಪ್ಪು ಹೇಳೋ ಹೊರಗಿನವರೂ ಇವರಲ್ಲೇ ಸಿಗ್ತಾರೆ.

ಯಾರಿಗೆ ಯಾವುದು

ಇನ್ನೂ ಎರಡು ಸೆಮಿಸ್ಟರ್ ಇದೆ, ಮನೇಲಿ ದುಡ್ಡಿನ ಒತ್ತಡ ಇಲ್ಲ, ಕ್ಷೇತ್ರ ಯಾವುದು ಅಂತ ಗೊತ್ತು: ಮೆಂಟರ್ ಇರೋ ಇಂಟರ್ನ್‌ಶಿಪ್ಪಿಗೆ ಮೊದಲು ಓಡಿ, ಆರು ವಾರ ಹುಡುಕಿ ಸಿಗದೇ ಇದ್ರೆ ನಿಲ್ಲಿಸಿ ಪ್ರಾಜೆಕ್ಟ್ ಕಡೆ ಬನ್ನಿ, ಹುಡುಕೋದರಲ್ಲೇ ವರ್ಷ ಕಳೀಬೇಡಿ.

ಉಳಿದಿರೋದು ಮೂರ್ನಾಲ್ಕು ತಿಂಗಳು ಮಾತ್ರ ಅಂದ್ರೆ ಹೊಸದೇನೂ ಶುರು ಮಾಡಬೇಡಿ. ಈಗಾಗ್ಲೇ ಮಾಡಿರೋದ್ರಲ್ಲಿ ಒಳ್ಳೇದನ್ನ ಒಂದು ಆರಿಸಿ, ಹೊರಗಿನ ಇಬ್ಬರಿಗೆ ತೋರಿಸಿ, ತಿದ್ದಿ, ಎರಡು ಪುಟದಲ್ಲಿ ಬರೆದಿಡಿ, ಉಳಿದ ಟೈಮೆಲ್ಲ ಅರ್ಜಿಗೆ. ಮಾರ್ಕ್ಸ್ ಕಮ್ಮಿ ಇರೋರಿಗೂ ನಾನು ಹೇಳೋದು ಇದೇ ದಾರಿ, ಸ್ವಲ್ಪ ಜಾಸ್ತಿ ಕಷ್ಟಪಟ್ಟು, ಯಾಕಂದ್ರೆ ಮಾರ್ಕ್ಸ್‌ನಲ್ಲಿ ಕಾಣದ್ದನ್ನ ಕೆಲಸದಲ್ಲಿ ತೋರಿಸೋಕೆ ಬೇರೆ ಅವಕಾಶ ಇಲ್ಲ. ಕೆಲವು ಕಡೆ ಶೇಕಡಾವಾರು ಕಟ್‌ಆಫ್ ಇರುತ್ತೆ, ಅಲ್ಲಿ ಹೊಡೆದಾಡಬೇಡಿ, ಕಟ್‌ಆಫ್ ಇಲ್ಲದ ಚಿಕ್ಕ ಕಂಪನಿಗಳ ಪಟ್ಟಿ ಮಾಡಿ.

ಏನು ಬೇಕು ಅಂತಾನೇ ಗೊತ್ತಿಲ್ಲದವರು ತುಂಬಾ ಜನ ಇರ್ತೀರಿ, ಅದು ತಪ್ಪೇನೂ ಅಲ್ಲ. ನಿಮಗೆ ಚಿಕ್ಕ ಅವಧಿಯ, ಬಿಟ್ರೂ ನಷ್ಟ ಇಲ್ಲದ ದಾರಿಗಳೇ ಸರಿ: ತಿಂಗಳ ಇಂಟರ್ನ್‌ಶಿಪ್, ಒಂದು ಸಂಘಕ್ಕೆ ಸಣ್ಣ ಕೆಲಸ, ಮೂರು ನಾಲ್ಕು ಜನರ ಜೊತೆ ಮಾತು. ದುಬಾರಿ ಸರ್ಟಿಫಿಕೇಟ್ ಮತ್ತು ವರ್ಷದ ಕೋಚಿಂಗ್ ಎರಡನ್ನೂ ನೀವು ಈಗ ಮುಟ್ಟಲೇಬಾರದು, ಅವು ಮನಸ್ಸು ಗಟ್ಟಿ ಮಾಡ್ಕೊಂಡವರಿಗೆ.

ಇನ್ನೊಂದು ಗೊಂದಲ ಕೊನೇ ಸೆಮಿಸ್ಟರಿನಲ್ಲಿ ಬರುತ್ತೆ. ಕೈಯಲ್ಲಿ ಒಂದು ಸಾಧಾರಣ ಆಫರ್ ಇದೆ, ಒಳ್ಳೇದಕ್ಕೆ ಕಾಯಬೇಕಾ ಸೇರಬೇಕಾ ಅಂತ. ಆರ್ಥಿಕ ಹಿಂಜರಿತದ ಕಾಲದಲ್ಲಿ ಡಿಗ್ರಿ ಮುಗಿಸಿದ ಕೆನಡಾದ ವಿದ್ಯಾರ್ಥಿಗಳ ಮೇಲೆ 2012ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಒಂದಿದೆ. ಅವರ ಗಳಿಕೆ ಶುರುವಲ್ಲಿ ಸುಮಾರು ಶೇ. 9ರಷ್ಟು ಕಮ್ಮಿ ಇತ್ತು, ಐದು ವರ್ಷದಲ್ಲಿ ಆ ಅಂತರ ಅರ್ಧಕ್ಕಿಳಿದು ಹತ್ತು ವರ್ಷದ ಹೊತ್ತಿಗೆ ಹೆಚ್ಚು ಕಮ್ಮಿ ಮುಚ್ಚಿಹೋಯ್ತು, ಮುಚ್ಚಿದ್ದು ಮುಖ್ಯವಾಗಿ ಚಿಕ್ಕ ಕಂಪನಿಗಳಲ್ಲಿ ಶುರು ಮಾಡಿ ಆಮೇಲೆ ಒಳ್ಳೇ ಕಂಪನಿಗಳಿಗೆ ಬದಲಾಗಿದ್ರಿಂದ. ಇದರಿಂದ ನಾನು ತಗೊಳ್ಳೋದು ಇಷ್ಟು: ಸಾಧಾರಣ ಮೊದಲ ಕೆಲಸ ಒಪ್ಕೊಳ್ಳಬಹುದು, ಅಲ್ಲಿ ಕಲಿಸೋರು ಇದ್ರೆ, ಬಿಟ್ಟು ಹೋಗೋಕೆ ಬಾಂಡ್ ಥರದ ಅಡ್ಡಿ ಇಲ್ದೇ ಇದ್ರೆ. ಬಾಂಡ್ ಇರೋ ಕಡೆ ಸಂಬಳ ಸ್ವಲ್ಪ ಜಾಸ್ತಿ ಕೊಟ್ರೂ ಎರಡ್ಸಲ ಯೋಚನೆ ಮಾಡಿ.

ಇಷ್ಟೆಲ್ಲ ಓದಿದ ಮೇಲೂ ಎರಡರ ನಡುವೆ ಸಿಕ್ಕಿಹಾಕ್ಕೊಂಡಿದ್ರೆ, ಒಂದು ಹಾಳೆ ತಗೊಂಡು ಎರಡರ ಕೆಳಗೂ ಒಂದೊಂದು ಹೆಸರು ಬರೆಯಿರಿ, ಮುಂದಿನ ತಿಂಗಳೊಳಗೆ ನನ್ನ ಕೆಲಸವನ್ನ ನೋಡಿ ತಪ್ಪು ಹೇಳೋರು ಯಾರು ಅಂತ. ಯಾವುದರ ಕೆಳಗೆ ನಿಜವಾದ ಹೆಸರು ಬರೆಯೋಕಾಯ್ತೋ ಅದನ್ನ ಈ ವಾರ ಶುರು ಮಾಡಿ, ಇನ್ನೊಂದನ್ನ ಡಿಗ್ರಿ ಮುಗಿದ ಮೇಲಕ್ಕೆ ಎತ್ತಿಡಿ.